14 ವರ್ಷದ ಶುಗರ್, ಬರಿಗಾಲಿನ ಹರಕೆ: ಅಪ್ಪನನ್ನು ಧರ್ಮಸ್ಥಳ ಪಾದಯಾತ್ರೆಗೆ ಕಳಿಸಬಹುದಾ?

ಬೇಲೂರು ಕಡೆಯವಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ಸಲ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.4 ಇತ್ತು. ಕಾಫಿ, ಮೆಣಸು ಅಂತ ಇಡೀ ದಿನ ತೋಟದಲ್ಲೇ ಓಡಾಡುವ ಮನುಷ್ಯ.

ನಮ್ಮೂರಿನಿಂದ ಪ್ರತಿ ಶಿವರಾತ್ರಿಗೆ ಒಂದು ತಂಡ ಧರ್ಮಸ್ಥಳಕ್ಕೆ ನಡೆದು ಹೋಗುತ್ತದೆ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಮೇಲೆ. ತಮ್ಮ ಆಸ್ಪತ್ರೆಯಲ್ಲಿದ್ದಾಗ ಅಪ್ಪ ಹರಕೆ ಹೊತ್ತಿದ್ದರು, ಇವನು ಎದ್ದು ಓಡಾಡುವಂತಾದರೆ ಬರಿಗಾಲಲ್ಲಿ ನಡೆದು ಬರುತ್ತೇನೆ ಅಂತ. ತಮ್ಮ ಈಗ ಆರಾಮಾಗಿದ್ದಾನೆ. ಈ ವರ್ಷ ಹರಕೆ ತೀರಿಸಲೇಬೇಕು ಅಂತ ಅಪ್ಪ ಪಟ್ಟು ಹಿಡಿದಿದ್ದಾರೆ.

ನನಗೆ ಭಯ ಅವರ ಪಾದದ್ದು. ರಾತ್ರಿ ಅಂಗಾಲು ಉರಿ, ಹೊದಿಕೆ ತಾಗಿದರೂ ಆಗುವುದಿಲ್ಲ. ಹಗಲು ನೋಡಿದರೆ ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಮೊನ್ನೆ ಕಣದಿಂದ ಮನೆಗೆ ಬಂದಾಗ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. ಅಮ್ಮ ಹೇಳುವ ತನಕ ಅವರು ನೋಡಿಕೊಂಡೇ ಇರಲಿಲ್ಲ. "ನನ್ನ ಕಾಲು ಒಂಚೂರೂ ನೋಯಲ್ಲ, ನಡೆಯೋಕೆ ಏನಂತೆ" ಅನ್ನುತ್ತಾರೆ. ಬೇಡ ಅಂದರೆ ಮಾತು ಬಿಡುತ್ತಾರೆ. ಶುಗರ್ ಇದ್ದು ಪಾದಯಾತ್ರೆ ಮಾಡಿದವರು, ವಿಷಯ ಗೊತ್ತಿದ್ದವರು ದಯವಿಟ್ಟು ಹೇಳಿ.

ಪಾದದ ಕ್ಲಿನಿಕ್ ನರ್ಸ್

ಅಪ್ಪ ಯಾವ ಮಾತನ್ನು ಧೈರ್ಯಕ್ಕೆ ಹೇಳುತ್ತಿದ್ದಾರೋ ಅದೇ ನನಗೆ ಭಯ ಹುಟ್ಟಿಸಿತು. 14 ವರ್ಷದ ಶುಗರ್ ಇರುವವರು, ತೋಟದಲ್ಲಿ ದುಡಿಯುವವರು ಕಾಲು ಒಂಚೂರೂ ನೋಯಲ್ಲ ಅಂದರೆ ನಾವು ಮೊದಲು ಅವರ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುತ್ತೇವೆ.

ಉರಿಯೂ ಇದೆ, ಸ್ಪರ್ಶವೂ ಇಲ್ಲ, ಇದೇನು ಅಂತ ಗೊಂದಲ ಬೇಡ. ಎರಡಕ್ಕೂ ಕಾರಣ ಒಂದೇ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ನರಗಳು ಕೆಡುತ್ತವೆ. ಉದ್ದದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳ ತುದಿಯಿಂದಲೇ ಶುರು. ಕೆಟ್ಟ ನರ ಸುಮ್ನೆ ಮಲಗಿದ್ದಾಗ ಉರಿ, ಜುಮ್ಮು ಅಂತ ಸುಳ್ಳು ಸುದ್ದಿ ಕಳಿಸುತ್ತದೆ. ನಿಜವಾಗಿ ಮುಳ್ಳು ಚುಚ್ಚಿದಾಗ ಸುದ್ದಿಯನ್ನೇ ಕಳಿಸುವುದಿಲ್ಲ. ಇನ್ನೊಂದು ವಿಷಯ, ಮೆಟ್‌ಫಾರ್ಮಿನ್ ತುಂಬಾ ವರ್ಷ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಅದರಿಂದಲೂ ಉರಿ, ಮರಗಟ್ಟುವಿಕೆ ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಕಡಿಮೆ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಇದೆ.

ಇವತ್ತು ರಾತ್ರಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ ಹೆಸರು, ಯಾವ ಉಪಕರಣವೂ ಬೇಡ. ಅಪ್ಪ ಮಲಗಿ ಕಣ್ಣು ಮುಚ್ಚಿಕೊಳ್ಳಲಿ. ನಿಮ್ಮ ತೋರುಬೆರಳ ತುದಿಯಿಂದ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ. ಒಟ್ಟು 6 ಬೆರಳು. ಒತ್ತಬಾರದು, ಸವರಬಾರದು, ತಟ್ಟಬಾರದು. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಅಂತ ಹೇಳಲಿ. ಎರಡು ಅಥವಾ ಅದಕ್ಕಿಂತ ಜಾಸ್ತಿ ಬೆರಳಲ್ಲಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮಾಡುತ್ತಾರೆ. ಮೊನೊಫಿಲಮೆಂಟ್ ಅಂತ ಕೇಳಿ.

ಪರೀಕ್ಷೆ ಆದಮೇಲೆ ಟಾರ್ಚ್ ಹಿಡಿದು ಅಂಗಾಲು, ಹಿಮ್ಮಡಿ, ಬೆರಳ ಸಂದಿ ಎಲ್ಲಾ ನೋಡಿ. ಏನು ಕಂಡಿತು ಅಂತ ಇಲ್ಲಿ ಬರೆಯಿರಿ.

ಚಿಕ್ಕಮಗಳೂರಿನ ಭಕ್ತ

ಅಕ್ಕ, ಇಷ್ಟು ಹೆದರಬೇಡಿ. ನಮ್ಮ ದೊಡ್ಡಪ್ಪನಿಗೂ ಶುಗರ್ ಇತ್ತು. ಎಷ್ಟೋ ಸಲ ಬರಿಗಾಲಲ್ಲಿ ಹೋಗಿ ಬಂದರು, ಏನೂ ಆಗಲಿಲ್ಲ. ನಡೆದರೆ ಶುಗರ್ ಇಳಿಯುತ್ತದೆ ಅಂತ ಡಾಕ್ಟರೇ ಹೇಳುತ್ತಾರಲ್ಲ. ಮಂಜುನಾಥ ಸ್ವಾಮಿ ಮೇಲೆ ಭಾರ ಹಾಕಿ ಕಳಿಸಿ. ಹರಕೆ ಬಾಕಿ ಇಟ್ಟುಕೊಂಡರೆ ಅಪ್ಪನ ಮನಸ್ಸಿಗೆ ನೆಮ್ಮದಿ ಇರಲ್ಲ, ಅದೂ ಆರೋಗ್ಯವೇ ಅಲ್ವಾ?

ಪಾದದ ಕ್ಲಿನಿಕ್ ನರ್ಸ್

ನಿಮ್ಮ ನಂಬಿಕೆ ನನಗೂ ಇದೆ. ನಡಿಗೆ ಒಳ್ಳೆಯದು ಅನ್ನುವುದೂ ಸರಿ. ಆದರೆ ಇಬ್ಬರಿಗೂ ಶುಗರ್ ಇದೆ ಅಂದಮಾತ್ರಕ್ಕೆ ಇಬ್ಬರ ಪಾದವೂ ಒಂದೇ ಅಲ್ಲ. ದೊಡ್ಡಪ್ಪನಿಗೆ ಸ್ಪರ್ಶ ಚೆನ್ನಾಗಿದ್ದಿರಬೇಕು. ಕಲ್ಲು ಒತ್ತಿದರೆ ಅವರು ಕಾಲೆತ್ತಿ ನೋಡಿಕೊಂಡಿರುತ್ತಾರೆ, ಕುಂಟಿರುತ್ತಾರೆ, ಒಂದು ಕಡೆ ಕೂತಿರುತ್ತಾರೆ. ಸ್ಪರ್ಶ ಇಲ್ಲದವರು ಬೊಬ್ಬೆ ಒಡೆದ ಮೇಲೂ ಅದೇ ವೇಗದಲ್ಲಿ ನಡೆಯುತ್ತಲೇ ಇರುತ್ತಾರೆ. ಕಾಲ್ಚೀಲ ಒದ್ದೆಯಾದಾಗ, ವಾಸನೆ ಬಂದಾಗ, ಇಲ್ಲವೇ ಮೊಮ್ಮಗು ನೆಲದ ಮೇಲಿನ ರಕ್ತದ ಗುರುತು ತೋರಿಸಿದಾಗ ಗೊತ್ತಾಗುತ್ತದೆ.

ಶಿವರಾತ್ರಿ ಹೊತ್ತಿಗೆ ಮಧ್ಯಾಹ್ನದ ಟಾರು ರಸ್ತೆ ಎಷ್ಟು ಕಾಯುತ್ತದೆ ಅಂತ ನಡೆದವರಿಗೇ ಗೊತ್ತು. ಸುಟ್ಟ ಪಾದ ನಮ್ಮಲ್ಲಿಗೆ ಬರುವುದು ಬೆಂಕಿಯಿಂದಲ್ಲ. ಮಟಮಟ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿದವರು, ಉರಿಗೆ ಹಿತ ಅಂತ ಬಿಸಿನೀರಲ್ಲಿ ಕಾಲಿಟ್ಟವರು, ಹಳೇ ಬಸ್ಸಲ್ಲಿ ಎಂಜಿನ್ ಮುಚ್ಚಳದ ಮೇಲೆ ಕಾಲು ಚಾಚಿ ಕೂತವರು ಬರುತ್ತಾರೆ. ರಾತ್ರಿ ನೆಲದಲ್ಲಿ ಮಲಗಿದಾಗ ಇಲಿ ಕಚ್ಚಿದ್ದೇ ಗೊತ್ತಾಗದೆ ಬಂದವರಿದ್ದಾರೆ. ಪಾದಯಾತ್ರೆಯಲ್ಲಿ ಛತ್ರ, ಶಾಲೆ ಜಗಲಿ ಅಂತ ಸಿಕ್ಕಲ್ಲಿ ಮಲಗುತ್ತೀರಲ್ಲ, ಅದಕ್ಕೇ ಹೇಳಿದೆ.

ಹಾಸನದ ಪಾದಯಾತ್ರಿ

ನನಗೂ ಶುಗರ್ ಇದೆ, ಶೂ ಹಾಕಿಕೊಂಡು ನಡೆದಿದ್ದೇನೆ. ಪಾದಯಾತ್ರೆಯಲ್ಲಿ ಶೂ, ಚಪ್ಪಲಿ ಹಾಕಿ ಬರುವವರು ಬೇಕಾದಷ್ಟು ಜನ ಇರುತ್ತಾರೆ. ಪಾದದ ವಿಷಯ ನರ್ಸ್ ಮೇಡಂ ಹೇಳಿದ್ದಾರೆ. ನಾನು ಇನ್ನೊಂದು ಕಡೆ ಬೆರಳು ತೋರಿಸುತ್ತೇನೆ: ಗ್ಲಿಮಿಪಿರೈಡ್.

ಆ ಮಾತ್ರೆ ಊಟ ಬಂತೋ ಇಲ್ಲವೋ ನೋಡುವುದಿಲ್ಲ, ಸಕ್ಕರೆ ಇಳಿಸುತ್ತಲೇ ಹೋಗುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿ ಹೊರಟು, ಮುಂದಿನ ಊರಲ್ಲಿ ತಿಂಡಿ ಕೊಡುತ್ತಾರಂತೆ ಅಂತ ನಡೆದು, ಅಲ್ಲಿ ಹೋದಾಗ ಖಾಲಿಯಾಗಿದ್ದರೆ? ದಿನವಿಡೀ ನಡೆದ ಮೈ ಬೇರೆ ಸಕ್ಕರೆ ಹೀರಿಕೊಂಡಿರುತ್ತದೆ. ರಾತ್ರಿ ಮಲಗಿದ ಮೇಲೂ ಇಳಿಯಬಹುದು. ನನಗೆ ಘಾಟಿಯಲ್ಲಿ ಹಾಗೆ ಆಗಿದೆ. ತಣ್ಣನೆ ಬೆವರು, ಕೈ ನಡುಕ, ಸಂಗಡಿಗರ ಮೇಲೆ ಕಾರಣವಿಲ್ಲದೆ ಸಿಟ್ಟು. ಮೀಟರ್‌ನಲ್ಲಿ 58. ಜೇಬಲ್ಲಿ ಗ್ಲೂಕೋಸ್ ಪುಡಿ ಇದ್ದದ್ದು ಕಾಪಾಡಿತು.

70ಕ್ಕಿಂತ ಕೆಳಗೆ ಬಂದರೆ ತಕ್ಷಣ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, ಅಂದರೆ ಮೂರು ಟೀ ಚಮಚ, ನೀರಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಕೂತು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಂದು ಸಲ. ಏರಿದ ಮೇಲೆ ಏನಾದರೂ ತಿನ್ನಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಆ ಹೊತ್ತಲ್ಲಿ ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ನೇರ ಆಸ್ಪತ್ರೆ. ನಡೆಯುವ ದಿನಗಳಲ್ಲಿ ಮಾತ್ರೆ ಎಷ್ಟು ಕಡಿಮೆ ಮಾಡಬೇಕು ಅಂತ ಅವರ ಡಾಕ್ಟರ್ ಹೇಳಬೇಕು. ನಾನು ಕೇಳಿಕೊಂಡೇ ಹೋಗುವುದು.

ಮಂಡ್ಯದ ಗೌಡ್ರು

8.4 ಜಾಸ್ತಿ ಆಯಿತು. ಅನ್ನ ಬಿಡಿಸಿ ಮುದ್ದೆ ಕೊಡಿ, ಹಾಗಲಕಾಯಿ ರಸ ಕೊಡಿ, ತಾನಾಗೇ ಇಳಿಯುತ್ತದೆ.

ತುಮಕೂರಿನ ವೈದ್ಯ

ಗೌಡ್ರೇ, ಮುದ್ದೆ ನನಗೂ ಇಷ್ಟ. ರಾಗಿಯಲ್ಲಿ ನಾರು ಇದೆ, ಸುಣ್ಣದ ಅಂಶ ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಎರಡು ದೊಡ್ಡ ಮುದ್ದೆ ಉಂಡು ಅನ್ನ ಬಿಟ್ಟೆ ಅಂದರೆ ಲೆಕ್ಕ ಬದಲಾಗುವುದಿಲ್ಲ. ಒಂದು ಸಣ್ಣ ಮುದ್ದೆ, ತಟ್ಟೆ ತುಂಬಾ ಸೊಪ್ಪಿನ ಸಾರು, ಕಾಳು ಇದ್ದರೆ ಒಳ್ಳೆಯ ಊಟ. ಹಾಗಲಕಾಯಿ ಪಲ್ಯ ಮಾಡಿ ತಿನ್ನಲಿ, ಮಾತ್ರೆ ಬದಲಿಗೆ ಅಲ್ಲ.

ಈಗ ಪಾದಯಾತ್ರೆ ವಿಷಯ. ಶುಗರ್‌ನಿಂದ ಆಗುವ ದೊಡ್ಡ ತೊಂದರೆಗಳಲ್ಲಿ ಹೆಚ್ಚಿನವು ನೋವಿಲ್ಲದೆ ಬರುತ್ತವೆ. ಇದನ್ನು ನಮ್ಮ ಜನಕ್ಕೆ ಹೇಳಿ ಸಾಕಾಗುವುದಿಲ್ಲ. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಸೋರುತ್ತಿದ್ದರೂ ಪೇಪರ್ ಓದಲು ಬರುತ್ತಿರುತ್ತದೆ. ಕಿಡ್ನಿ ಅರ್ಧ ಸೋತಿದ್ದರೂ ಮೂತ್ರ ಸರಿಯಾಗೇ ಹೋಗುತ್ತಿರುತ್ತದೆ. ಹೃದಯದ ಕಡೆಯ ನರಗಳೂ ಕೆಟ್ಟಿದ್ದರೆ ಹಾರ್ಟ್ ಅಟ್ಯಾಕ್‌ನಲ್ಲೂ ಎದೆನೋವು ಬರದೇ ಇರಬಹುದು. ಬರೀ ಏದುಸಿರು, ಬೆವರು, ಸುಸ್ತು. ಗ್ಯಾಸ್ ಅಂದುಕೊಂಡು ಸುಮ್ಮನಾಗುತ್ತಾರೆ. ನೋವು ಬಂದಾಗ ತೋರಿಸಿದರಾಯಿತು ಅನ್ನುವ ಲೆಕ್ಕ ಈ ಕಾಯಿಲೆಗೆ ನಡೆಯುವುದೇ ಇಲ್ಲ. ನಾವೇ ಹೋಗಿ ನೋಡಬೇಕು.

ಅದಕ್ಕೆ ಹೊರಡುವ ಮಾತಿಗೂ ಮೊದಲು ಇಸಿಜಿ, ಬಿಪಿ, ಕಿಡ್ನಿಗೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಅಲ್ಬುಮಿನ್, ಕಣ್ಣಿಗೆ ಹನಿ ಹಾಕಿ ರೆಟಿನಾ ಪರೀಕ್ಷೆ ಇಷ್ಟೂ ಆಗಲಿ. ಪಾದಯಾತ್ರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಮಾಡಿಸಬೇಕಾದ್ದೇ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ದಾರಿಯಲ್ಲಿ ಮೈಕೈ ನೋವಿಗೆ ಅಂತ ಡೈಕ್ಲೋಫಿನಾಕ್ ಮಾತ್ರೆ ಸಂಗಡಿಗರು ಹಂಚಿಕೊಂಡು ನುಂಗುತ್ತಾರಲ್ಲ, ಅದು ಬೇಡ. ಬೆವರಿ ನೀರು ಕಡಿಮೆಯಾದ ಮೈಗೆ, ಶುಗರ್ ಇರುವ ಕಿಡ್ನಿಗೆ ಅದು ಕೆಟ್ಟದ್ದು.

ಇನ್ಸುಲಿನ್ ತೆಗೆದುಕೊಳ್ಳುವವನು

ಇದನ್ನು ಓದುತ್ತಿರುವ ಬೇರೆಯವರಿಗೆ ಉಪಯೋಗ ಆಗಲಿ ಅಂತ. ಇನ್ಸುಲಿನ್ ಇರುವವರು ನಡೆಯಲು ಹೋದರೆ ಬಾಟಲಿಯನ್ನು ಬಿಸಿಲಲ್ಲಿ ಬ್ಯಾಗಿನ ಹೊರಜೇಬಲ್ಲಿ ಇಡಬೇಡಿ. ಐಸ್‌ಗೆ ನೇರ ತಾಗಿಸಲೂ ಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕು. ಫ್ರಿಜ್ ಇಲ್ಲದ ಕಡೆ, ನೀರು ಬಿಡದ ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನು ಒದ್ದೆ ಮಡಕೆಯಲ್ಲಿ ನೆರಳಿಗೆ ಇಟ್ಟರೂ ತಂಪಾಗಿರುತ್ತದೆ. ಮುಖ್ಯವಾಗಿ ಸಿರಿಂಜ್. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ಗೆ. ಪರ ಊರಿನ ಮೆಡಿಕಲ್‌ನಲ್ಲಿ ಅವಸರಕ್ಕೆ ಯಾವುದೋ ಒಂದು ತೆಗೆದುಕೊಂಡರೆ ಡೋಸ್ ಎರಡೂವರೆ ಪಟ್ಟು ಆಚೀಚೆ ಆಗುತ್ತದೆ. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಒಂದೇ ಇದೆಯಾ ನೋಡಿ.

ಬೇಲೂರು ಕಡೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಪರೀಕ್ಷೆ ಮಾಡಿದೆ. ಅಪ್ಪ ಮೊದಲು ಒಪ್ಪಲಿಲ್ಲ, ಮಗಳು ಕಾಲು ಮುಟ್ಟುವುದೇನು ಅಂತ. ತಮ್ಮ ಪಕ್ಕ ಕೂತು ಒಪ್ಪಿಸಿದ. ಬಲಗಾಲಿನ ಕಿರುಬೆರಳು, ನಡುಬೆರಳು ಮುಟ್ಟಿದಾಗ "ಬಲ" ಅಂದರು. ಆಮೇಲೆ ಸುಮ್ಮನಾದರು. ನಾನು ಎಡ ಹೆಬ್ಬೆರಳ ಮೇಲೆ ಬೆರಳಿಟ್ಟುಕೊಂಡೇ ಇದ್ದೆ. "ಯಾಕೆ ನಿಲ್ಲಿಸಿದೆ, ಮುಟ್ಟು" ಅಂದರು. ಕಣ್ಣು ಬಿಟ್ಟು ನೋಡಿದಾಗ ನನ್ನ ಬೆರಳು ಅಲ್ಲೇ ಇತ್ತು. 6ರಲ್ಲಿ 4 ಗೊತ್ತಾಗಲಿಲ್ಲ.

ಆಮೇಲೆ ಟಾರ್ಚ್ ಹಿಡಿದು ನೋಡಿದೆ. ಎಡ ಹೆಬ್ಬೆರಳ ಬುಡದಲ್ಲಿ, ಅಂಗಾಲ ಕಡೆ, ಚರ್ಮ ಗಟ್ಟಿಯಾಗಿ ಆಣಿ ಕಟ್ಟಿದೆ. ಹಳದಿ ಬಣ್ಣ, ಅಂಚು ಒಣಗಿ ಸೀಳಿದೆ. ನಡುವೆ ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕೆ. ಒತ್ತಿದರೆ ನೋವಿಲ್ಲ. ಮೆಡಿಕಲ್‌ನಲ್ಲಿ ಕಾರ್ನ್ ಕ್ಯಾಪ್ ಹಚ್ಚಿ ಅಂದರು. ಹಚ್ಚಬಹುದಾ?

ಪಾದದ ಕ್ಲಿನಿಕ್ ನರ್ಸ್

ಹಚ್ಚಬೇಡಿ. ಕಾರ್ನ್ ಕ್ಯಾಪ್‌ನಲ್ಲಿ ಚರ್ಮ ಕರಗಿಸುವ ಆಸಿಡ್ ಇರುತ್ತದೆ, ಸ್ಪರ್ಶ ಇಲ್ಲದ ಪಾದಕ್ಕೆ ಅದೇ ಹುಣ್ಣು ಮಾಡುತ್ತದೆ. ಬ್ಲೇಡಿನಿಂದ ಕೆರೆಯಬೇಡಿ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ.

ಆಣಿಯೊಳಗೆ ಕಪ್ಪು ಕಂಡರೆ ಸಾಮಾನ್ಯವಾಗಿ ಅದು ಅಡಿಯಲ್ಲಿ ರಕ್ತ ಸೋರಿ ಹೆಪ್ಪುಗಟ್ಟಿದ್ದು. ಮೇಲೆ ಗಟ್ಟಿ ಚರ್ಮ, ಕೆಳಗೆ ಹುಣ್ಣು ಶುರುವಾಗಿರಬಹುದು. ನಾಳೆ ಬೆಳಿಗ್ಗೆಯೇ ತೋರಿಸಿ, ವಾರದ ಸಂತೆ ಕಳೆಯಲಿ ಅಂತ ಕಾಯಬೇಡಿ. ನಿಮಗೆ ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಹತ್ತಿರ. ಬೆಂಗಳೂರಿನ ಕಡೆಯವರಿಗೆ ಸರ್ಕಾರಿ ಮಧುಮೇಹ ಸಂಸ್ಥೆ ಇದೆ. ಕಲಿತವರು ಆಣಿಯನ್ನು ಹೆರೆದು ಕೆಳಗೆ ಏನಿದೆ ನೋಡುತ್ತಾರೆ. ಕಾಲಿನ ರಕ್ತ ಓಡಾಟ ಸರಿ ಇದೆಯಾ ಅಂತ ನಾಡಿ ಹಿಡಿದು, ಬೇಕಾದರೆ ಡಾಪ್ಲರ್ ಮಾಡಿ ನೋಡುತ್ತಾರೆ.

ಪಾದ ಕೆಂಪಗೆ ಊದಿ ಬಿಸಿಯಾದರೆ, ಕೀವು, ವಾಸನೆ, ಜ್ವರ, ಚಳಿ ಬಂದರೆ ಅದೇ ದಿನ ಆಸ್ಪತ್ರೆ, ರಾತ್ರಿಯಾದರೂ ಸರಿ. ಇನ್ನೊಂದು ಮಾತು, ಯಾರಿಗಾದರೂ ಗಾಯವೇ ಇಲ್ಲದೆ ಒಂದೇ ಪಾದ ಊದಿ ಬಿಸಿಯಾಗಿದ್ದರೆ ಉಳುಕು ಅಂತ ಉಜ್ಜಿಸಬೇಡಿ. ಶಾರ್ಕೋ ಪಾದ ಅಂತ ಇದೆ, ಒಳಗೆ ಮೂಳೆ ಸಣ್ಣಗೆ ಮುರಿಯುತ್ತಿರುತ್ತದೆ, ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಅದರ ಮೇಲೆ ನಡೆದರೆ ಪಾದದ ಆಕಾರವೇ ಕೆಡುತ್ತದೆ.

ಬೇಲೂರು ಕಡೆಯವಳು

ಹೋಗಿ ಬಂದೆವು. ಆಣಿ ಹೆರೆದರು. ಕೆಳಗೆ ಸಣ್ಣ ಹುಣ್ಣು ಇತ್ತು, ಮೂಳೆಗೆ ಹೋಗಿಲ್ಲ, ರಕ್ತ ಓಡಾಟ ಚೆನ್ನಾಗಿದೆ. ಡ್ರೆಸಿಂಗ್ ಹಾಕಿ ಆ ಜಾಗದ ಮೇಲೆ ಭಾರ ಬೀಳದ ಹಾಗೆ ದಪ್ಪ ಫೆಲ್ಟ್ ಅಂಟಿಸಿದ್ದಾರೆ. ವಾಸಿಯಾಗುವ ತನಕ ತೋಟಕ್ಕೂ ಹೋಗುವ ಹಾಗಿಲ್ಲ, ಘಾಟಿಯ ಮಾತೇ ಇಲ್ಲ ಅಂದರು. ಬಿ12 ಕೂಡ ಕಡಿಮೆ ಬಂತು. ಶುಗರ್‌ಗೆ ಮಾತ್ರೆ ಬದಲಾಯಿಸಿದ್ದಾರೆ.

ಹೆರೆದದ್ದನ್ನು ಅಪ್ಪನಿಗೆ ಕನ್ನಡಿಯಲ್ಲಿ ತೋರಿಸಿದರು. ಅಪ್ಪ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಹರಕೆ ಬಾಕಿ ಉಳಿಯಿತಲ್ಲ ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. ಅದಕ್ಕೆ ಏನು ಹೇಳಬೇಕು ಗೊತ್ತಾಗುತ್ತಿಲ್ಲ.

ಅರ್ಚಕರ ಮನೆಯವನು

ತಾಯಿ, ಇದಕ್ಕೆ ನಮ್ಮಲ್ಲಿ ದಾರಿ ಇದ್ದೇ ಇದೆ. ಮೈ ಸಹಕರಿಸದಿದ್ದರೆ ಹರಕೆಯನ್ನು ಮನೆಯವರು ತೀರಿಸುವುದು ಮೊದಲಿಂದಲೂ ನಡೆದು ಬಂದದ್ದು. ಯಾರಿಗಾಗಿ ಹರಕೆ ಹೊತ್ತರೋ ಆ ಮಗನೇ ನಡೆಯಲಿ. ಅಪ್ಪ ವಾಹನದಲ್ಲಿ ಬಂದು ಅವನ ಜೊತೆ ದರ್ಶನ ಮಾಡಲಿ. ಮನೆ ದೇವರ ಮುಂದೆ ಕಾಣಿಕೆ ಕಟ್ಟಿಟ್ಟು ವಿಷಯ ಅರಿಕೆ ಮಾಡಿಕೊಳ್ಳಿ. ನಿಮ್ಮೂರಿನ ಪುರೋಹಿತರ ಬಾಯಲ್ಲೇ ಈ ಮಾತು ಹೇಳಿಸಿ. ಮಕ್ಕಳು ಹೇಳಿದ್ದಕ್ಕಿಂತ ಅದು ಅವರ ಮನಸ್ಸಿಗೆ ಹೋಗುತ್ತದೆ.

ಚಿಕ್ಕಮಗಳೂರಿನ ಭಕ್ತ

ಇದು ಸರಿಯಾದ ಮಾತು. ನಿಮ್ಮ ತಮ್ಮ ನಮ್ಮ ತಂಡದ ಜೊತೆಗೂ ಸೇರಿಕೊಳ್ಳಬಹುದು. ನಾನು ಇವತ್ತು ನಮ್ಮ ತಂಡದ ಗುಂಪಲ್ಲಿ ಹಾಕಿದ್ದೇನೆ, ಶುಗರ್ ಇರುವವರೆಲ್ಲಾ ಹೊರಡುವ ಮೊದಲು ಈ ಬೆರಳಿನ ಪರೀಕ್ಷೆ ಮಾಡಿಸಿಕೊಳ್ಳಿ ಅಂತ.

ತೀರ್ಥಹಳ್ಳಿ ಅಮ್ಮ

ಹೆಂಗಸರ ಪಾದದ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಾಲು ಊದುವ ಶುಗರ್ ಪೇಷೆಂಟ್‌ಗಳಿಗೆ ಕಾಲುಂಗುರ ಬೆರಳಿಗೆ ಹೂತುಕೊಳ್ಳುತ್ತದೆ. ನಮ್ಮ ಅತ್ತೆಯ ಕಾಲುಂಗುರದ ಕೆಳಗೆ ಚರ್ಮ ಬೆಳ್ಳಗೆ ನೆನೆದು ಸೀಳಿತ್ತು, ಅವರಿಗೆ ಅರಿವೇ ಇರಲಿಲ್ಲ. ತೆಗೆಯಲ್ಲ ಅಂತ ಹಟ. ಅಕ್ಕಸಾಲಿಗರ ಹತ್ತಿರ ಸಡಿಲ ಮಾಡಿಸಿ, ಅಂಚು ನುಣುಪು ಮಾಡಿಸಿದೆವು. ಈಗ ಸ್ನಾನ ಆದಮೇಲೆ ಉಂಗುರ ಸರಿಸಿ, ಬೆರಳ ಸಂದಿ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಬೆರಳ ಸಂದಿಗೆ ಮಾತ್ರ ಹಚ್ಚಲ್ಲ, ಅಲ್ಲಿ ತೇವ ನಿಂತರೆ ಫಂಗಸ್ ಆಗುತ್ತದಂತೆ.

ಬೇಲೂರು ಕಡೆಯವಳು

ಹುಣ್ಣು ಚಿಕ್ಕದಾಗುತ್ತಾ ಬಂದಿದೆ. ಪುರೋಹಿತರು ಬಂದು ಮಾತಾಡಿದರು. ತಮ್ಮ ಕೊಟ್ಟಿಗೆಹಾರದಿಂದ ನಡೆಯುತ್ತಾನೆ. ಗಾಯ ಪೂರ್ತಿ ಮಾಗಿ ಡಾಕ್ಟರ್ ಒಪ್ಪಿದರೆ ಅಪ್ಪ ಕಾರಲ್ಲಿ ಬರುತ್ತಾರೆ. ಉಜಿರೆಯಿಂದ ಸುಮಾರು 10 ಕಿ.ಮೀ. ಆದರೂ ನಡೆಯುತ್ತೇನೆ ಅಂತ ಅಪ್ಪ ಮತ್ತೆ ಶುರು ಮಾಡಿದ್ದಾರೆ, ಅದಕ್ಕೆ ಈ ವರ್ಷ ಯಾರೂ ಒಪ್ಪಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಎಂಸಿಆರ್ (ಒಳಗೆ ಮೆತ್ತನೆ ರಬ್ಬರ್ ಇರುವ) ಚಪ್ಪಲಿ ಬರೆದುಕೊಟ್ಟಿದ್ದಾರೆ, ತೆಗೆದುಕೊಳ್ಳುವಾಗ ಏನು ನೋಡಬೇಕು? ದೇವಸ್ಥಾನದ ಒಳಗೆ ಚಪ್ಪಲಿ ಬಿಡಲೇಬೇಕಲ್ಲ, ಆಗ ಏನು ಮಾಡುವುದು?

ಪಾದದ ಕ್ಲಿನಿಕ್ ನರ್ಸ್

ಚಪ್ಪಲಿ ಕೊಳ್ಳಲು ಸಂಜೆ ಹೋಗಿ, ಪಾದ ಸ್ವಲ್ಪ ಊದಿರುವ ಹೊತ್ತು. ಹಿಂದೆ ಪಟ್ಟಿ ಇರಲೇಬೇಕು, ಜಾರಬಾರದು. ಬೆರಳ ಸಂದಿಯಲ್ಲಿ ತೂರುವ ಉಂಗುಷ್ಠದ ಚಪ್ಪಲಿ ಬೇಡ. ಒಳಗಿನ ರಬ್ಬರ್ ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಬೇಕು, ಕೆಳಗಿನ ಅಟ್ಟೆ ಗಟ್ಟಿ ಇರಬೇಕು, ಮುಳ್ಳು ತೂರಬಾರದು. ಮೊದಲ ದಿನ ಅರ್ಧ ಗಂಟೆ ಹಾಕಿ ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ನೋಡಿ. ಪ್ರತಿ ಸಲ ಹಾಕುವ ಮೊದಲು ಒಳಗೆ ಕೈಯಾಡಿಸಿ, ಕಲ್ಲು, ಮೊಳೆ ಏನಾದರೂ ಸಿಕ್ಕಬಹುದು.

ದೇವಸ್ಥಾನಕ್ಕೆ ಬೆಳಗಿನ ಜಾವ ಅಥವಾ ಕತ್ತಲಾದ ಮೇಲೆ ಕರೆದುಕೊಂಡು ಹೋಗಿ, ಕಲ್ಲು ಕಾದಿರಬಾರದು. ಶಿವರಾತ್ರಿ ಜನಜಂಗುಳಿ ಮುಗಿದ ಮೇಲೆ ಹೋದರೆ ಇನ್ನೂ ಒಳ್ಳೆಯದು, ಕಾಲು ತುಳಿಸಿಕೊಳ್ಳುವುದು ತಪ್ಪುತ್ತದೆ. ದಪ್ಪ ಬಿಳಿ ಹತ್ತಿ ಕಾಲ್ಚೀಲ ಹಾಕಿಸಿ, ರಕ್ತ ಬಂದರೆ ಬಿಳಿಯಲ್ಲಿ ಕಾಣುತ್ತದೆ. ನೇತ್ರಾವತಿಯಲ್ಲಿ ಕಾಲು ನೆನೆಸುವುದು ಬೇಡ, ತಲೆಗೆ ನೀರು ಪ್ರೋಕ್ಷಿಸಿಕೊಳ್ಳಲಿ. ಹೊರಗೆ ಬಂದ ತಕ್ಷಣ ಒಂದು ಕಡೆ ಕೂರಿಸಿ ಎರಡೂ ಅಂಗಾಲು ನೋಡಿ. ತಮ್ಮನದ್ದನ್ನೂ ನೋಡಿ, ಅವನು ಘಾಟಿ ಇಳಿದು ಬಂದಿರುತ್ತಾನೆ.